ನಮ್ಮ ದೂರಿಗೆ ತೀರ್ಮಾನ ಹೇಳುವವರು ಯಾರು?

(ಸೀಸನ್‌ಗೆ ಮುಂಚೆ ಗಂಗಾವತಿಯಲ್ಲಿ ಸೇರಿದ್ದ ಹೋಂಸ್ಟೇ ನಡೆಸುವವರ ಮುಂದೆ ಆಡಿದ ಮಾತುಗಳಿವು. ಮಾತಿನ ಭರದಲ್ಲಿ ಹಿಂದುಮುಂದಾದದ್ದನ್ನು ಸರಿ ಮಾಡಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆನೆಗೊಂದಿ, ಸಾಣಾಪುರ, ಹನುಮನಹಳ್ಳಿ ಕಡೆಯಿಂದ ಕೆಲಸ ಬಿಟ್ಟು ಬಂದಿದ್ದೀರಿ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ನಮಗೆ ಊಟಕ್ಕೆ ಕೂರಲೂ ಪುರುಸೊತ್ತು ಇರುವುದಿಲ್ಲ. ಬೇಸಿಗೆ ಬಂತೆಂದರೆ ಬಿಸಿಲಿಗೆ ಹೆದರಿ ಯಾರೂ ಈ ಕಡೆ ತಲೆ ಹಾಕುವುದಿಲ್ಲ. ಆ ನಾಲ್ಕೈದು ತಿಂಗಳ ದುಡಿಮೆಯಲ್ಲಿ ವರ್ಷ ಪೂರ್ತಿ ಸಂಸಾರ ನಡೆಯಬೇಕು. ಅಂಥ ಹೊತ್ತಲ್ಲಿ ಬುಕಿಂಗ್ ಆ್ಯಪ್‌ನಿಂದ ಬರಬೇಕಾದ ಒಂದು ಪೇಮೆಂಟ್ ನಿಂತರೆ, ಆ್ಯಪ್‌ನಲ್ಲಿರುವ ನಮ್ಮ ಮನೆಯ ಪುಟ, ಅಂದರೆ ಲಿಸ್ಟಿಂಗ್, ಒಂದು ವಾರ ಮಾಯವಾದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಆ್ಯಪ್ ಕಂಪನಿಗಳಲ್ಲಿ ದೂರು ಕೇಳುವ ವಿಭಾಗದ ಬಗ್ಗೆ "ಸಪೋರ್ಟ್ ಸರಿ ಇಲ್ಲ" ಅಂತ ನಾವೆಲ್ಲ ಹೇಳುತ್ತೇವೆ. ಏನು ಸರಿ ಇಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ಚಾಟ್‌ನಲ್ಲಿ ಸಿಗುವ ಹುಡುಗ ಹುಡುಗಿಯರು ಮರ್ಯಾದೆಯಿಂದಲೇ ಮಾತಾಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮ ಹಾಗೆ ಸಂಬಳಕ್ಕೆ ದುಡಿಯುವವರು. ತೊಂದರೆ ಏನೆಂದರೆ, ನಮ್ಮ ಜತೆ ಮಾತಾಡುವವರಿಗೆ ತೀರ್ಮಾನ ಮಾಡುವ ಅಧಿಕಾರ ಇಲ್ಲ. ತೀರ್ಮಾನ ಮಾಡುವವರು ನಮ್ಮ ಜತೆ ಮಾತಾಡುವುದಿಲ್ಲ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಹೊಳೆಯ ವಿಷಯದಿಂದ ಶುರು ಮಾಡುತ್ತೇನೆ. ಇದು ನಮ್ಮ ದಂಡೆಯವರಿಗೇ ಇರುವ ಕಷ್ಟ.

ಆ್ಯಪ್ ತೆರೆದು ನೋಡಿ. ನಮ್ಮ ಮನೆಗಳ ಕೆಳಗೆ ಹಂಪಿಯಿಂದ ಎರಡೋ ಮೂರೋ ಕಿಲೋಮೀಟರ್ ಅಂತ ತೋರಿಸುತ್ತದೆ. ನಕ್ಷೆಯ ಮೇಲೆ ಗೆರೆ ಎಳೆದರೆ ಅದು ನಿಜವೇ. ಆದರೆ ನಡುವೆ ತುಂಗಭದ್ರೆ ಇದ್ದಾಳೆ ಅಲ್ವಾ? ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಬಿತ್ತು. ಈಗ ದೋಣಿ ಇದ್ದಾಗ ದೋಣಿ, ಇಲ್ಲದಿದ್ದರೆ ಕಡೇಬಾಗಿಲು–ಬುಕ್ಕಸಾಗರ ಸೇತುವೆ ಮೇಲಿಂದ ಸುತ್ತಿ ಬರಬೇಕು. ಕತ್ತಲಾದ ಮೇಲೆ ದೋಣಿ ಇಲ್ಲ. ಡ್ಯಾಮಿನಿಂದ ನೀರು ಬಿಟ್ಟರೆ ಹಗಲೂ ಇಲ್ಲ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಹೊಳೆ ಹೇಗಿತ್ತು ಅಂತ ಇಲ್ಲಿರುವ ಎಲ್ಲರೂ ಕಂಡಿದ್ದೀರಿ.

ನಮ್ಮ ಮನೆಗೆ ಬಂದ ಒಂದು ಕುಟುಂಬದ ವಿಷಯ ಹೇಳುತ್ತೇನೆ. ಹೊಸಪೇಟೆ ಸ್ಟೇಷನ್‌ನಲ್ಲಿ ಇಳಿದು, ಆಟೋ ಹಿಡಿದು ನೇರ ಹಂಪಿ ಬಜಾರಿಗೆ ಹೋಗಿದ್ದಾರೆ. ಅಲ್ಲಿಂದ ನಮ್ಮ ಮನೆ ಎರಡು ಕಿಲೋಮೀಟರ್ ಅಂತ ಫೋನು ತೋರಿಸುತ್ತಿದೆ. ಹೊಳೆ ದಂಡೆಗೆ ಬಂದರೆ ದೋಣಿ ನಿಂತಿದೆ. ಚಿಕ್ಕ ಮಗು, ದೊಡ್ಡ ದೊಡ್ಡ ಬ್ಯಾಗು, ಕತ್ತಲು. ಅವರಿಗೆ ಸಿಟ್ಟು ಬಂದದ್ದು ತಪ್ಪಲ್ಲ. ನಾನೇ ಗಾಡಿ ಕಳಿಸಿ ಸುತ್ತು ಹಾಕಿಸಿ ಕರೆಸಿಕೊಂಡೆ. ನನ್ನ ಲಿಸ್ಟಿಂಗ್‌ನ ಮೊದಲ ಸಾಲಿನಲ್ಲೇ "ಮನೆ ಹೊಳೆ ಈಚೆ ದಂಡೆಯಲ್ಲಿದೆ, ಸಂಜೆ ಮೇಲೆ ದೋಣಿ ಇರುವುದಿಲ್ಲ" ಅಂತ ಇದೆ. ಬುಕ್ ಆದ ದಿನವೇ ಮೆಸೇಜ್ ಕೂಡ ಹಾಕಿದ್ದೆ. ಆದರೂ ಅವರು ಸಪೋರ್ಟ್‌ಗೆ "ಜಾಗದ ಮಾಹಿತಿ ತಪ್ಪು" ಅಂತ ಬರೆದರು. ಮೊದಲ ರಾತ್ರಿಯ ಬಾಡಿಗೆ ನನ್ನ ಪೇಮೆಂಟಿನಿಂದ ಕಟ್ ಆಯಿತು.

ನಾನು ಹೊಳೆಯ ಫೋಟೋ ಕಳಿಸಿದೆ. ದೋಣಿ ಸಮಯದ ಬೋರ್ಡಿನ ಫೋಟೋ ಕಳಿಸಿದೆ. ಲಿಸ್ಟಿಂಗ್‌ನ ಮೊದಲ ಸಾಲಿಗೆ ಕೆಂಪು ಗೆರೆ ಎಳೆದು ಕಳಿಸಿದೆ. ಪ್ರತಿ ಸಲ ಬೇರೆ ಹೆಸರಿನವರು ಬಂದರು. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕಾಯಿತು. "ಮನೆಗೂ ಹಂಪಿಗೂ ನಡುವೆ ಹೊಳೆ ಇದೆಯಾ?" ಅಂತ ಒಬ್ಬರು ಕೇಳಿದರು. ನಕ್ಷೆಯಲ್ಲಿ ನೀಲಿ ಬಣ್ಣದಲ್ಲಿ ಕಾಣುತ್ತದಲ್ಲ ತಾಯಿ, ಅದೇ ಅಂದೆ. "ಅರ್ಥವಾಯಿತು, ಸಂಬಂಧಪಟ್ಟ ತಂಡಕ್ಕೆ ಕಳಿಸುತ್ತೇನೆ" ಅಂದರು. ಆ ತಂಡ ನನ್ನ ಜತೆ ಒಂದು ಮಾತೂ ಆಡಲಿಲ್ಲ. ತೀರ್ಮಾನ ಅಂತಿಮ, ಕೇಸ್ ಮುಗಿಯಿತು ಅಂತ ಒಂದು ಮೇಲ್ ಬಂತು. ಅದಕ್ಕೆ ವಾಪಸ್ ಬರೆಯಲೂ ದಾರಿ ಇರಲಿಲ್ಲ. ಆ ಕಂಪನಿಯ ಹೆಸರು ಇಲ್ಲಿ ಬೇಡ. ನಿಮ್ಮಲ್ಲಿ ಬೇರೆ ಬೇರೆ ಆ್ಯಪ್‌ನವರಿದ್ದೀರಿ, ಅನುಭವ ಹೆಚ್ಚುಕಡಿಮೆ ಒಂದೇ.

ಇದು ಒಂದು ರಾತ್ರಿಯ ಬಾಡಿಗೆಗೆ ಮುಗಿಯುವುದಿಲ್ಲ. ಆ ಕುಟುಂಬ ಊಟಕ್ಕೆ, ಸ್ವಚ್ಛತೆಗೆ, ನಮ್ಮ ನಡವಳಿಕೆಗೆ ಪೂರ್ತಿ ಸ್ಟಾರ್ ಕೊಟ್ಟಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹೊಗಳಿ ಬರೆದರು. ಜಾಗಕ್ಕೆ ಮಾತ್ರ ಎರಡು ಸ್ಟಾರ್, ಒಟ್ಟಾರೆ ನಾಲ್ಕು. ನಾಲ್ಕು ಅಂದರೆ ಚೆನ್ನಾಗಿದೆ ಅಂತಲೇ ಅವರು ಅಂದುಕೊಂಡದ್ದು. ಆದರೆ ಏರ್‌ಬಿಎನ್‌ಬಿಯಲ್ಲಿ ಸೂಪರ್‌ಹೋಸ್ಟ್, ಅಂದರೆ ಮನೆ ಕೊಡುವವರಲ್ಲಿ ಉತ್ತಮರು ಅನ್ನುವ ಬಿರುದು, ಸಿಗಬೇಕಾದರೆ ಒಟ್ಟು ಸರಾಸರಿ 4.8 ಇರಬೇಕು. ಕಡಿಮೆ ರೂಮು, ಕಡಿಮೆ ಗೆಸ್ಟ್ ಇರುವ ನಮ್ಮಂಥವರಿಗೆ ಒಂದು ನಾಲ್ಕು ಬಿದ್ದರೂ ಸರಾಸರಿ ಇಳಿಯುತ್ತದೆ. ಹೊಳೆ ಅಡ್ಡ ಇದೆ ಅನ್ನುವುದಕ್ಕೆ ನಮ್ಮ ಮಾರ್ಕು ಕಟ್. ಇದನ್ನು ಯಾರ ಹತ್ತಿರ ಹೇಳಿಕೊಳ್ಳೋಣ?

ಮುಂದೆ ದುಡ್ಡಿನ ವಿಷಯ. ನಮ್ಮ ಕಡೆ ಪೇಮೆಂಟ್ ನಿಲ್ಲುವುದಕ್ಕೆ ನಾನು ಕಂಡ ದೊಡ್ಡ ಕಾರಣ ಹೆಸರು. ಆಧಾರ್‌ನಲ್ಲಿ ತಂದೆ ಹೆಸರು ಹಿಂದೆ, ಪ್ಯಾನ್‌ನಲ್ಲಿ ಮುಂದೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಇನಿಷಿಯಲ್. ಮನೆ ಇರುವುದು ಅಪ್ಪನ ಹೆಸರಲ್ಲಿ, ಕರೆಂಟ್ ಬಿಲ್ ತೀರಿಹೋದ ಅಜ್ಜನ ಹೆಸರಲ್ಲಿ, ಹೋಂಸ್ಟೇ ನೋಡಿಕೊಳ್ಳುವುದು ಸೊಸೆ, ಅಕೌಂಟು ಮಗನದು. ನಮಗೆ ಇದರಲ್ಲಿ ಗೊಂದಲವೇ ಇಲ್ಲ, ಊರಿಗೇ ಗೊತ್ತು. ಕಂಪನಿಯ ಮಷೀನಿಗೆ ಮಾತ್ರ ಇವರೆಲ್ಲ ಬೇರೆ ಬೇರೆ ಮನುಷ್ಯರು. "ದಾಖಲೆ ಹೊಂದುತ್ತಿಲ್ಲ, ಮತ್ತೆ ಅಪ್‌ಲೋಡ್ ಮಾಡಿ" ಅನ್ನುತ್ತದೆ. ಅದೇ ದಾಖಲೆ ಮತ್ತೆ ಹಾಕುತ್ತೇವೆ, ಅದೇ ಉತ್ತರ ಮತ್ತೆ ಬರುತ್ತದೆ. ಅಷ್ಟು ಹೊತ್ತಿಗೆ ಗೆಸ್ಟ್ ಬಂದು, ಉಂಡು, ಮಲಗಿ, ಹೋಗಿಯೂ ಆಗಿರುತ್ತದೆ. ದುಡ್ಡು ಮಾತ್ರ ಅಲ್ಲೇ ಕೂತಿರುತ್ತದೆ.

ಆನೆಗೊಂದಿಯಲ್ಲಿ ಎರಡು ರೂಮು ಕೊಡುವ ಒಬ್ಬ ಹಿರಿಯ ತಾಯಿ ಇದ್ದಾರೆ. ಡಿಸೆಂಬರ್ ದುಡ್ಡು ಹೀಗೇ ನಿಂತಾಗ ನನ್ನ ಹತ್ತಿರ ಬಂದರು. "ತಮ್ಮಾ, ಇವ್ರ ಆಫೀಸು ಎಲ್ಲೈತಿ ಹೇಳು. ಬಸ್ ಹತ್ತಿ ಹೋಗಿ ಕೇಳ್ಕೊಂಡು ಬರ್ತೀನಿ" ಅಂದರು. ನನಗೆ ಉತ್ತರ ಕೊಡಲು ಆಗಲಿಲ್ಲ. ತಾಲ್ಲೂಕು ಆಫೀಸಿನಲ್ಲಿ ಕೆಲಸ ತಡವಾದರೂ ಅಲ್ಲಿ ಒಂದು ಬಾಗಿಲು ಇದೆ, ಬಾಗಿಲ ಮೇಲೆ ಹೆಸರಿದೆ, ಒಳಗೆ ಕೂತವರನ್ನು ಕೇಳಬಹುದು. ಆ ತಾಯಿ ಕೇಳಿದ್ದು ಅಂಥ ಒಂದು ಬಾಗಿಲನ್ನು. ಅವರಿಗೆ ಇಂಗ್ಲಿಷ್ ಬಾರದು, ಹಿಂದಿ ಅಷ್ಟಕ್ಕಷ್ಟೇ. ಕನ್ನಡದಲ್ಲಿ ಮಾತಾಡುವ ಸಪೋರ್ಟ್ ನನಗಂತೂ ಇವತ್ತಿನ ತನಕ ಸಿಕ್ಕಿಲ್ಲ. ಕರ್ನಾಟಕದ ಮನೆಗಳಿಂದ ಕಮಿಷನ್ ತಗೊಳ್ಳುವವರು ಕನ್ನಡದಲ್ಲಿ ದೂರು ಕೇಳಿಸಿಕೊಳ್ಳಲೇಬೇಕು. ಇದನ್ನು ನಾವು ಗಟ್ಟಿಯಾಗಿ ಕೇಳುತ್ತಿಲ್ಲ.

ದುಡ್ಡು ಕಡಿಮೆ ಬರುವುದಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ಸಪೋರ್ಟ್‌ನವರು ಬಿಡಿಸಿ ಹೇಳುವುದಿಲ್ಲ. ಆನ್‌ಲೈನ್ ಬುಕಿಂಗ್ ಮೇಲೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ, 2020ರ ಅಕ್ಟೋಬರ್‌ನಲ್ಲಿ ಶುರುವಾಯಿತು. 2024ರ ಅಕ್ಟೋಬರ್‌ನಿಂದ ಅದು 0.1%. ವರ್ಷಕ್ಕೆ 5 ಲಕ್ಷ ದಾಟದ ವ್ಯಕ್ತಿ ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಕಟ್ ಮಾಡುವ ಹಾಗಿಲ್ಲ. ಎರಡೂ ಕೊಟ್ಟಿಲ್ಲದಿದ್ದರೆ 5% ಹೋಗುತ್ತದೆ. ನಿಮ್ಮ ಪೇಮೆಂಟ್ ವಿವರ ತೆಗೆದು ನೋಡಿ, 5% ಕಾಣಿಸಿದರೆ ಮೊದಲು ಪ್ಯಾನ್ ಸರಿ ಮಾಡಿಸಿ.

ಪೇಮೆಂಟ್ ತೊಂದರೆ ನಮ್ಮೊಬ್ಬರದೇ ಅಂದುಕೊಳ್ಳಬೇಡಿ. 2023ರಲ್ಲಿ ಬುಕಿಂಗ್ ಡಾಟ್ ಕಾಮ್‌ನಿಂದ ಬರಬೇಕಾದ ಹಣ ಹಲವು ದೇಶಗಳ ಮಾಲೀಕರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬರಲಿಲ್ಲ. ಪತ್ರಿಕೆಗಳಲ್ಲಿ ಬಂದ ಮೇಲೆ ವಿಷಯ ದೊಡ್ಡದಾಯಿತು. ಇಂಗ್ಲಿಷ್ ಚೆನ್ನಾಗಿ ಬರುವ, ಪತ್ರಕರ್ತರ ಪರಿಚಯ ಇರುವ ಊರುಗಳಲ್ಲೇ ಹೀಗಾದರೆ ನಮ್ಮ ಪಾಡೇನು?

ಸಾಮಾನು ಒಡೆದಾಗಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಏರ್‌ಬಿಎನ್‌ಬಿಯ ಏರ್‌ಕವರ್‌ನಲ್ಲಿ ಹಾನಿಗೆ 30 ಲಕ್ಷ ಡಾಲರ್ ತನಕ ರಕ್ಷಣೆ ಅಂತ ಇದೆ. ಗೆಸ್ಟ್ ಹೋದ 14 ದಿನದೊಳಗೆ ಫೋಟೋ, ಬಿಲ್ಲು ಸಮೇತ ಕೇಳಬೇಕು. ಅಂಥ ದೊಡ್ಡ ಮಾತು ಯಾವ ಆ್ಯಪ್‌ನಲ್ಲಿದ್ದರೂ ನಮ್ಮಲ್ಲಿ ಆಗುವುದು ಇಷ್ಟು. ಮಂಚದ ಕಾಲು ಮುರಿಯುತ್ತದೆ. ಗಂಗಾವತಿಯಿಂದ ಬಡಗಿ ಬಂದು ಕೂಡಿಸಿ ಕೊಡುತ್ತಾನೆ, ಬಿಳಿ ಚೀಟಿಯಲ್ಲಿ ಸಾಗವಾನಿ ತುಂಡು ಇಷ್ಟು, ಕೂಲಿ ಇಷ್ಟು ಅಂತ ಬರೆದು ಸಹಿ ಹಾಕುತ್ತಾನೆ. ಅದು ಬಿಲ್ಲಲ್ಲ ಅನ್ನುತ್ತಾರೆ. ಜಿಎಸ್‌ಟಿ ನಂಬರ್ ಇರುವ ಬಡಗಿಯನ್ನು ಎಲ್ಲಿಂದ ತರುವುದು? ಈಗ ನಾನು ಮಾಡುವುದು ಹೀಗೆ. ಗೆಸ್ಟ್ ಬರುವ ಮುಂಚೆ ಪ್ರತಿ ರೂಮಿನ ಒಂದು ವಿಡಿಯೋ. ಹೋದ ಕೂಡಲೇ ಇನ್ನೊಂದು. ಬಡಗಿಗೆ ಯುಪಿಐನಲ್ಲೇ ದುಡ್ಡು, ಚೀಟಿಯ ಮೇಲೆ ಅವನ ಫೋನ್ ನಂಬರ್. ಇಷ್ಟಿದ್ದರೆ ಒಪ್ಪುತ್ತಾರೆ ಅಂತ ಹೇಳಲಾರೆ. ಒಪ್ಪದಿದ್ದಾಗ ಮುಂದೆ ಹೋಗಲು ಕೈಯಲ್ಲಿ ಏನೋ ಒಂದು ಇರುತ್ತದೆ.

ಕಂಪನಿಗಳು ಯಾಕೆ ಹೀಗೆ? ಗೆಸ್ಟ್‌ಗೆ ಸಿಟ್ಟು ಬಂದರೆ ಮರುಕ್ಷಣ ಇನ್ನೊಂದು ಆ್ಯಪ್‌ಗೆ ಹೋಗುತ್ತಾನೆ. ನಾವು ಮನೆ ಹೊತ್ತುಕೊಂಡು ಎಲ್ಲಿಗೂ ಹೋಗಲಾರೆವು. ಲಿಸ್ಟಿಂಗ್, ಕೂಡಿಸಿಟ್ಟ ರಿವ್ಯೂ ಎಲ್ಲ ಅವರ ಹತ್ತಿರ ಇದೆ. ಹಾಗಾಗಿ ವ್ಯಾಜ್ಯ ಬಂದಾಗ ಗೆಸ್ಟ್‌ಗೆ ಬೇಗ ದುಡ್ಡು ವಾಪಸ್ ಕೊಟ್ಟು ಕೈತೊಳೆದುಕೊಳ್ಳುವುದು ಅವರಿಗೆ ಸುಲಭ. ಆ ದುಡ್ಡು ನಮ್ಮದಾದರೆ ಇನ್ನೂ ಸುಲಭ.

ಆದರೂ ಹೋಸ್ಟ್‌ಗಳು ಒಟ್ಟಾಗಿ ಕೂಗಿದಾಗ ಅವರು ಕೇಳಿದ್ದೂ ಇದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಏರ್‌ಬಿಎನ್‌ಬಿ ಗೆಸ್ಟ್‌ಗಳಿಗೆ ಪೂರ್ತಿ ಹಣ ವಾಪಸ್ ಅಂತ ಹೇಳಿಬಿಟ್ಟಿತು. ಹೋಸ್ಟ್‌ಗಳು ಆರಿಸಿಕೊಂಡಿದ್ದ ರದ್ದತಿ ನಿಯಮ ಲೆಕ್ಕಕ್ಕೇ ಬರಲಿಲ್ಲ. ಪ್ರಪಂಚದ ತುಂಬ ಹೋಸ್ಟ್‌ಗಳು ಸಿಡಿದೆದ್ದರು. ಆ ತಿಂಗಳ ಕೊನೆಗೆ ಕಂಪನಿಯ ಮುಖ್ಯಸ್ಥ ಬ್ರಯಾನ್ ಚೆಸ್ಕಿ, ನಿಮ್ಮನ್ನು ಕೇಳದೆ ತೀರ್ಮಾನ ತಿಳಿಸಿದ್ದಕ್ಕೆ ಕ್ಷಮಿಸಿ ಅಂತ ಪತ್ರ ಬರೆದರು. 25 ಕೋಟಿ ಡಾಲರ್ ತೆಗೆದಿಟ್ಟು, ರದ್ದತಿ ನಿಯಮದಂತೆ ಸಿಗಬೇಕಿದ್ದುದರಲ್ಲಿ 25% ಕೊಡುತ್ತೇವೆ ಅಂದರು. ಕಾಲು ಭಾಗ ಅಷ್ಟೇ, ಸಾಲದು. ಆದರೆ ಅದು ಚಾಟ್‌ನಲ್ಲಿ ಒಬ್ಬೊಬ್ಬರೇ ಬೇಡಿಕೊಂಡಿದ್ದಕ್ಕೆ ಸಿಕ್ಕಿದ್ದಲ್ಲ.

ಯುರೋಪಿನಲ್ಲಿ 2020ರ ಜುಲೈನಿಂದ ಒಂದು ಕಾನೂನು ಜಾರಿಯಲ್ಲಿದೆ. ಅಂಗಡಿಯವರನ್ನೋ ಹೋಸ್ಟ್‌ನನ್ನೋ ಪ್ಲಾಟ್‌ಫಾರ್ಮ್‌ನಿಂದ ಪೂರ್ತಿ ತೆಗೆಯಬೇಕಾದರೆ ಸಾಮಾನ್ಯವಾಗಿ 30 ದಿನ ಮುಂಚೆ ಕಾರಣ ಬರೆದು ಕೊಡಬೇಕು. ನಮ್ಮಲ್ಲಿ ಹೋಸ್ಟ್‌ಗಳಿಗೆಂದೇ ಅಂಥ ಕಾನೂನು ಇಲ್ಲ. ಬರಬೇಕು. ಅಲ್ಲಿಯ ತನಕ ಸುಮ್ನೆ ಕೂರಬೇಕಾ? ಬೇಡ. ಇರುವ ದಾರಿಗಳನ್ನೇ ನಾವು ಸರಿಯಾಗಿ ಬಳಸಿಲ್ಲ.

ಮೊದಲನೆಯದು, ಅಹವಾಲು ಅಧಿಕಾರಿ. ಇಂಗ್ಲಿಷ್‌ನಲ್ಲಿ ಗ್ರೀವನ್ಸ್ ಆಫೀಸರ್ ಅಂತಾರೆ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಪ್ಲಾಟ್‌ಫಾರ್ಮ್‌ಗಳು ಈ ಅಧಿಕಾರಿಯ ಹೆಸರು, ಸಂಪರ್ಕದ ವಿವರ ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ದೂರು ಸಿಕ್ಕಿತು ಅಂತ 24 ಗಂಟೆಯಲ್ಲಿ ಹೇಳಬೇಕು, 7 ದಿನದಲ್ಲಿ ಇತ್ಯರ್ಥ ಮಾಡಬೇಕು. ಇದು ಚಾಟ್ ಅಲ್ಲ, ಕಾನೂನಿನ ಪ್ರಕಾರ ಜವಾಬ್ದಾರಿ ಇರುವ ಒಬ್ಬ ಮನುಷ್ಯ. ಆ ಹಿರಿಯ ತಾಯಿ ಕೇಳಿದ ಬಾಗಿಲಿಗೆ ಹತ್ತಿರದ್ದು ಅಂತ ನನಗೆ ಕಂಡದ್ದು ಇದೊಂದೇ. ಕಾರಣ ಹೇಳದೆ ಅಕೌಂಟ್ ಬಂದ್ ಮಾಡಿದ್ದು, ಲಿಸ್ಟಿಂಗ್ ತೆಗೆದದ್ದು, ಬಾರದೇ ಇದ್ದ ಗೆಸ್ಟ್ ಬರೆದ ಸುಳ್ಳು ರಿವ್ಯೂ, ಇಂಥದನ್ನು ಇಲ್ಲಿಗೆ ಬರೆಯಿರಿ. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಅಹವಾಲು ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. 2023ರಿಂದ ಅದು ಕೆಲಸ ಮಾಡುತ್ತಿದೆ.

ಎರಡನೆಯದು ದುಡ್ಡಿನ ವ್ಯಾಜ್ಯಕ್ಕೆ. ಕೊಪ್ಪಳದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಕಾನೂನು ಒಂದು ದೊಡ್ಡ ಉಪಕಾರ ಮಾಡಿದೆ. ಕಂಪನಿಯ ಆಫೀಸು ಎಲ್ಲೇ ಇರಲಿ, ದೂರು ಕೊಡುವವರು ಇರುವ ಊರಿನ ಆಯೋಗದಲ್ಲೇ ಕೇಸು ಹಾಕಬಹುದು. 5 ಲಕ್ಷದ ತನಕ ಫೀಸಿಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಒಪ್ಪಂದದಲ್ಲಿ ವ್ಯಾಜ್ಯ ಬಂದರೆ ಮಧ್ಯಸ್ಥಿಕೆಗೇ ಹೋಗಬೇಕು ಅಂತ ಬರೆದಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಲ್ಲಿ ಒಂದು ತೊಡಕು ಇದೆ, ಮುಚ್ಚಿಡುವುದಿಲ್ಲ. "ಇವರು ವ್ಯಾಪಾರಿಗಳು, ಗ್ರಾಹಕರಲ್ಲ" ಅಂತ ಕಂಪನಿ ವಾದ ಮಾಡುತ್ತದೆ. ವ್ಯಾಪಾರಕ್ಕಾಗಿ ಸೇವೆ ಪಡೆದವರನ್ನು ಕಾನೂನು ಹೊರಗಿಟ್ಟಿದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಾಡುವವರಿಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಎರಡು ರೂಮು, ಅಡುಗೆ ಮನೆಯವರದೇ, ಚಾದರ ಒಗೆಯುವುದೂ ಮನೆಯವರೇ ಅಂತಾದರೆ ಆ ವಿನಾಯಿತಿಗೆ ಗಟ್ಟಿ ವಾದ ಇದೆ. ಇಪ್ಪತ್ತು ಕಾಟೇಜು, ಮ್ಯಾನೇಜರು ಇಟ್ಟವರಿಗೆ ಕಷ್ಟ. ದೂರಿನ ಮೊದಲ ಪ್ಯಾರಾದಲ್ಲೇ ನೀವು ಹೊಟ್ಟೆಪಾಡಿಗೆ ನಡೆಸುವವರು, ಮನೆ ಮಂದಿಯೇ ದುಡಿಯುವವರು ಅಂತ ಬರೆಯಿರಿ.

ಈಗ ಕೆಲವರಿಗೆ ಇಷ್ಟವಾಗದ ಮಾತು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇಲ್ಲದೆ ನಡೆಸುವವರು ದೂರು ಕೊಡಲು ಹೆದರುತ್ತಾರೆ, ಹೆದರುವುದು ಸಹಜ. ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳು ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ನೆಲಸಮವಾದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಾಗದ ಸರಿ ಇಲ್ಲದಿದ್ದಾಗ ಯಾವ ಆ್ಯಪ್ ಕೂಡ ನಮ್ಮ ಪರ ನಿಲ್ಲುವುದಿಲ್ಲ. ವಿದೇಶದವರು ಬಂದರೆ 24 ಗಂಟೆಯಲ್ಲಿ ಅವರ ವಿವರ ಸರ್ಕಾರಕ್ಕೆ ತುಂಬಿ ಕೊಡುವುದನ್ನೂ (ಸಿ ಫಾರಂ ಅನ್ನುತ್ತಿದ್ದೆವಲ್ಲ, ಅದು) ಆ್ಯಪ್ ನಮಗಾಗಿ ಮಾಡುವುದಿಲ್ಲ. ನೋಂದಣಿಗೆ ಓಡಾಟ ಇದೆ, ಗೊತ್ತು. ಮಾಡಿಸಿ. ನಿಮ್ಮ ದೂರಿಗೆ ತೂಕ ಬರುವುದು ಅಲ್ಲಿಂದ.

ಇನ್ನೊಂದು, ಜೀವದ ಮಾತು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ನಡೆದ ದಾಳಿ ಎಲ್ಲರಿಗೂ ಗೊತ್ತು. ಹೋಂಸ್ಟೇ ನಡೆಸುವ ನಮ್ಮದೇ ಹೆಣ್ಣುಮಗಳು, ಅವರ ಜತೆಗಿದ್ದ ಗೆಸ್ಟ್‌ಗಳು ಅನುಭವಿಸಿದ್ದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಒಬ್ಬ ಯುವಕ ಪ್ರಾಣ ಕಳೆದುಕೊಂಡ. ರಾತ್ರಿ ಹೊತ್ತು ಏನೇ ಆಗಲಿ, ಕುಡಿದ ಗೆಸ್ಟ್ ಗಲಾಟೆ ಮಾಡಲಿ, ಹೊರಗಿನವರು ಬಂದು ನಿಲ್ಲಲಿ, ಆ್ಯಪ್ ತೆಗೆಯಬೇಡಿ. ಮೊದಲು 112. ಆಮೇಲೆ ಪಕ್ಕದ ಮನೆಯವರಿಗೆ ಫೋನ್. ಆ್ಯಪ್‌ಗೆ ಬೆಳಿಗ್ಗೆ ಬರೆಯಿರಿ. ಹೆಣ್ಣುಮಕ್ಕಳು ಒಬ್ಬರೇ ನಡೆಸುವ ಮನೆಗಳ ಪಟ್ಟಿ ಮಾಡಿ, ಯಾರಿಗೆ ಯಾರು ಹತ್ತಿರ ಅಂತ ಇವತ್ತೇ ಬರೆದುಕೊಳ್ಳೋಣ.

ಮಾತಿನ ನಡುವೆ ಹನುಮನಹಳ್ಳಿಯ ಅಕ್ಕನವರೊಬ್ಬರು ಎದ್ದು ಕೇಳಿದರು: "ದೂರು ಕೊಟ್ರೆ ಲಿಸ್ಟಿಂಗೇ ತೆಗೆದುಬಿಟ್ರೆ ಏನ್ರೀ ಮಾಡೋದು?" ಎಲ್ಲರ ಮನಸ್ಸಿನಲ್ಲಿ ಇದ್ದದ್ದು ಅದೇ. ತೆಗೆಯುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ ಅಂದೆ. ಹಾಗಾಗಿಯೇ ಎರಡು ಕೆಲಸ ಜತೆಯಲ್ಲೇ ನಡೆಯಬೇಕು. ಒಂದು, ದೂರನ್ನು ಒಬ್ಬರೇ ಕೊಡುವುದು ಬೇಡ. ಒಂದೇ ಥರದ ತೊಂದರೆ ಇರುವವರು ಒಂದೇ ದಿನ, ಒಂದೇ ಅಧಿಕಾರಿಗೆ, ತಮ್ಮ ತಮ್ಮ ಹೆಸರಲ್ಲಿ ಬರೆಯಿರಿ. ಎರಡು, ಪೂರ್ತಿ ಬದುಕು ಒಂದು ಆ್ಯಪ್ ಮೇಲೆ ಇಡಬೇಡಿ. ಬಂದುಹೋದ ಗೆಸ್ಟ್ ಮತ್ತೆ ನೇರ ಫೋನ್ ಮಾಡುವ ಹಾಗೆ ಇರಲಿ. ಬೇರೆ ಕಡೆ ಕಡಿಮೆ ದರಕ್ಕೆ ರೂಮು ಕೊಡಬಾರದು ಅಂತ ಹೋಟೆಲ್‌ಗಳ ಮೇಲೆ ಷರತ್ತು ಹಾಕಿದ್ದೂ ಸೇರಿ ಕೆಲವು ಕಾರಣಕ್ಕೆ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೋಗೆ 223 ಕೋಟಿ ರೂಪಾಯಿ ಮೇಲೆ ದಂಡ ಹಾಕಿತು. ಆ ದೂರು ಕೊಟ್ಟವರಲ್ಲಿ ಹೋಟೆಲ್ ಮಾಲೀಕರ ಒಕ್ಕೂಟವೇ ಇತ್ತು. ಒಬ್ಬೊಬ್ಬರೇ ಹೋಗಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ.

ಆ ಅಕ್ಕ ಕೂರುವ ಮುಂಚೆ, "ಹಂಗಾದ್ರೆ ನಂದು ಮೊದಲು ಬರೀರಿ" ಅಂದರು. ಊಟ ಆದ ಮೇಲೆ ಅದೇ ಹಾಲಿನಲ್ಲಿ ಕೂತು ಬರೆಯಲು ಶುರು ಮಾಡುತ್ತೇವೆ. ಪೇಮೆಂಟ್ ನಿಂತವರು ಬುಕಿಂಗ್ ನಂಬರ್, ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್, ಆಧಾರ್ ಜೆರಾಕ್ಸ್ ಇಟ್ಟುಕೊಳ್ಳಿ. ಚಾಟ್ ಅಳಿಸಬೇಡಿ, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊದಲು ಕನ್ನಡದಲ್ಲಿ ಬರೆಯೋಣ, ಕೆಳಗೆ ಅದರ ಇಂಗ್ಲಿಷ್ ಸೇರಿಸೋಣ. ಜಾಗದ ಮಾಹಿತಿ ತಪ್ಪು ಅಂತ ದುಡ್ಡು ಕಟ್ ಆದವರು ಕೈ ಎತ್ತಿ, ನಿಮ್ಮದೆಲ್ಲ ಒಟ್ಟಿಗೆ ಕಳಿಸಬೇಕು.